ಬೀಗದ ಕೈ ಯಾರ ಹತ್ತಿರ ಇರಬೇಕು?

ಓದುಗರ ಪ್ರಶ್ನೆ – ನಮ್ಮ ಉತ್ತರ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮಕ್ಕಳ ಸಂಜೆ ಪಾಠದ ಬಗ್ಗೆ, ಅದನ್ನು ಸಂಬಳವಿಲ್ಲದೆ ವರ್ಷಗಟ್ಟಲೆ ನಡೆಸಿಕೊಂಡು ಬಂದವರ ಬಗ್ಗೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇವೆ.

ಪ್ರಶ್ನೆ: ನಮ್ಮೂರಲ್ಲಿ ಬಟ್ಟೆ ಹೊಲಿಯುತ್ತಿದ್ದ ಅಮ್ಮನೊಬ್ಬರು ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಕಾಫಿ ತೋಟದ ಕೂಲಿಯವರ ಲೈನ್ ಮನೆ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುತ್ತಿದ್ದಾರೆ. ಊರಿಗೆಲ್ಲ ಅವರು ಟೀಚರಮ್ಮ. ಈಗ ಮಂಡಿನೋವು, ಕಣ್ಣೂ ಮಂಜು. ‘ಇನ್ನು ನೀವೇ ನೋಡ್ಕೊಳ್ರಪ್ಪ’ ಅಂತಾರೆ. ನಾವು ನಾಲ್ಕು ಜನ ಇದ್ದೇವೆ, ಎಲ್ಲರಿಗೂ ನೌಕರಿ ಇದೆ. ಎಲ್ಲಿಂದ ಶುರು ಮಾಡೋದು?
– ಸಕಲೇಶಪುರ ತಾಲ್ಲೂಕು

ಉತ್ತರ: ಪಾಠದಿಂದ ಶುರು ಮಾಡಬೇಡಿ. ಪಾಠ ಹೇಳುವುದನ್ನು ನಾಲ್ಕು ತಿಂಗಳಲ್ಲಿ ಕಲಿಯಬಹುದು. ಆದರೆ ಟೀಚರಮ್ಮನ ತಲೆಯೊಳಗೆ ಒಂದಿಡೀ ಊರಿದೆ, ಅದು ಎಲ್ಲೂ ಬರೆದಿಟ್ಟಿಲ್ಲ. ಮೊದಲು ಅದನ್ನು ಇಳಿಸಿಕೊಳ್ಳಿ. ಇನ್ನೂರು ಪುಟದ ನೋಟ್‌ಬುಕ್ ಹಿಡಿದು ಅವರ ಪಕ್ಕ ಕೂತು, ಮಗುವಿಗೊಂದು ಪುಟದಂತೆ ಬರೆದುಕೊಳ್ಳಿ. ಹೆಸರು, ಶಾಲೆ, ತರಗತಿ, ಯಾವ ತೋಟದ ಯಾವ ಲೈನು, ಮನೆಯ ಫೋನು ಹಗಲಲ್ಲಿ ಯಾರ ಕೈಲಿರುತ್ತದೆ, ಸಂಜೆ ಮನೆಯಲ್ಲಿ ದೊಡ್ಡವರು ಯಾರಿರುತ್ತಾರೆ, ಫಿಟ್ಸ್ ಅಥವಾ ಉಬ್ಬಸ ಏನಾದರೂ ಇದೆಯಾ, ಪಾಠ ಬಿಟ್ಟಮೇಲೆ ಯಾರ ಜೊತೆ ನಡೆದು ಹೋಗುತ್ತದೆ. ಕೊನೆಯ ಸಾಲನ್ನು ಹೊಸಬರು ಸಾಮಾನ್ಯವಾಗಿ ಖಾಲಿ ಬಿಡುತ್ತಾರೆ. ಎಲ್ಲಕ್ಕಿಂತ ಮೊದಲು ಬೇಕಾಗುವುದು ಅದೇ. ಜೊತೆಯ ಹುಡುಗಿ ಒಂದು ದಿನ ಬರದಿದ್ದರೆ ಇನ್ನೊಂದು ಮಗು ಒಂಟಿಯಾಗಿ ತೋಟದ ದಾರಿ ಹಿಡಿಯುತ್ತದೆ.

ಆಮೇಲೆ ವರ್ಷದ ಲೆಕ್ಕ. ಅರೇಬಿಕಾ ಕೊಯ್ಲು ನವೆಂಬರಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಆ ತಿಂಗಳುಗಳಲ್ಲಿ ತಂದೆತಾಯಿ ಹೊತ್ತು ಮುಳುಗುವವರೆಗೆ ಹಣ್ಣು ಬಿಡಿಸುತ್ತಾರೆ, ಒಂಬತ್ತು ಹತ್ತು ವರ್ಷದ ಹುಡುಗಿ ಪುಟ್ಟ ತಮ್ಮನನ್ನು ನೋಡಿಕೊಂಡು ಮನೆಯಲ್ಲೇ ಉಳಿಯುತ್ತಾಳೆ. ಹೊಸಬರು ಇದನ್ನು ಪಾಠದ ಮೇಲಿನ ಬೇಸರ ಅಂದುಕೊಂಡು ತಾವೂ ಬೇಸರ ಮಾಡಿಕೊಳ್ಳುತ್ತಾರೆ. ತಮ್ಮನನ್ನೂ ಕರೆದುಕೊಂಡು ಬಾ ಅನ್ನಿ. ಮೂಲೆಯಲ್ಲಿ ಒಂದು ಚಾಪೆ, ನಾಲ್ಕು ಆಟದ ಸಾಮಾನು ಇದ್ದರೆ ಹಾಜರಿ ಅಷ್ಟು ಬೀಳುವುದಿಲ್ಲ. ಕೂಲಿ ಕೊಡುವ ಬಟವಾಡೆ ದಿನ ಮತ್ತು ಸಂತೆ ದಿನ ಅರ್ಧ ಮಕ್ಕಳೂ ಬರುವುದಿಲ್ಲ, ಆ ದಿನ ಹೊಸದೇನೂ ಹೇಳಿಕೊಡಬೇಡಿ. ಮಳೆಗಾಲದಲ್ಲಿ ಒಂದೇ ನಿಯಮ ಸಾಕು: ಮಳೆಯೆಂದು ಶಾಲೆಗೆ ರಜೆ ಕೊಟ್ಟ ದಿನ ಸಂಜೆ ಪಾಠವೂ ಇಲ್ಲ. ಇದನ್ನು ಜೂನ್ ಮೊದಲ ವಾರದಲ್ಲೇ ಎಲ್ಲ ಮನೆಗೂ ಹೇಳಿಬಿಡಿ, ದಿನಾ ಫೋನು ಮಾಡುವ ಗೋಜಿರುವುದಿಲ್ಲ.

ಹೊತ್ತಿನ ವಿಷಯದಲ್ಲಿ ರಾಜಿ ಬೇಡ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಓಡಾಟ ಇರುವುದರಿಂದ ನಾಲ್ಕೂವರೆಗೆ ಶುರು ಮಾಡಿ ಐದೂಮುಕ್ಕಾಲಿಗೆ ಮುಗಿಸಿ. ಡಿಸೆಂಬರಲ್ಲಿ ಇನ್ನೂ ಕಾಲುಗಂಟೆ ಮುಂಚೆ. ಅರಣ್ಯ ಇಲಾಖೆಯವರು ಆನೆ ಇರುವ ಜಾಗದ ಸಂದೇಶ ಕಳಿಸುತ್ತಾರೆ. ನಿಮ್ಮ ನಾಲ್ವರ ಫೋನಿಗೂ ಅದು ಬರುವಂತೆ ವಲಯ ಅರಣ್ಯ ಕಚೇರಿಯಲ್ಲಿ ನಂಬರು ಬರೆಸಿ. ಸಂದೇಶ ಬಂದ ಸಂಜೆ ಮಕ್ಕಳನ್ನು ನಡೆಸಿ ಕಳಿಸಬೇಡಿ, ತೋಟದ ರೈಟರಿಗೋ (ಲೆಕ್ಕ ಬರೆಯುವವರು) ಮೇಸ್ತ್ರಿಗೋ ಹೇಳಿ ಜೀಪು ತರಿಸಿ. ಇದನ್ನು ತೋಟದವರ ಜೊತೆ ಮುಂಚೆಯೇ ಮಾತಾಡಿಟ್ಟುಕೊಂಡಿರಬೇಕು, ಆನೆ ಬಂದಮೇಲೆ ಅಲ್ಲ.

ನಾಲ್ಕು ಜನ ನೌಕರಿಯವರು ವಾರಕ್ಕೆ ಆರು ದಿನ ಅಂತ ಒಪ್ಪಿಕೊಳ್ಳಬೇಡಿ. ನಾಲ್ಕು ದಿನ ಮಾಡಿ, ದಿನಕ್ಕೆ ಇಬ್ಬರಂತೆ. ಅರ್ಧ ಗಂಟೆ ನಡೆದು ಬಂದ ಮಗುವಿಗೆ ಬಾಗಿಲಲ್ಲಿ ಬೀಗ ಕಂಡರೆ ಎರಡನೇ ಸಲ ಬರುತ್ತದೆ, ಮೂರನೇ ಸಲ ಬರುವುದಿಲ್ಲ. ಬೀಗದ ಕೈ ಎರಡು ಮಾಡಿಸಿ, ಒಂದು ಆ ದಿನದ ಜೋಡಿಯ ಹತ್ತಿರ, ಇನ್ನೊಂದು ಮುಖ್ಯ ಶಿಕ್ಷಕರ ಹತ್ತಿರ. ಒಬ್ಬರ ಸೆರಗಿನಲ್ಲಿ ಮಾತ್ರ ಬೀಗದ ಕೈ ಇರುವ ಪಾಠ ಅವರಿಗೊಂದು ಜ್ವರ ಬಂದರೆ ನಿಲ್ಲುತ್ತದೆ. ಶಾಲೆಯ ಕೊಠಡಿ ಬಳಸುತ್ತಿದ್ದರೆ ಈಗ ಬಾಯಿಮಾತಿನ ಒಪ್ಪಿಗೆಯಷ್ಟೇ ಇರಬಹುದು. ಅದು ಟೀಚರಮ್ಮನ ಮುಖ ನೋಡಿ ಕೊಟ್ಟದ್ದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಿರ್ಣಯ ಬರೆಸಿ ನಕಲು ಇಟ್ಟುಕೊಳ್ಳಿ. ಮುಖ್ಯ ಶಿಕ್ಷಕರು ವರ್ಗವಾದಾಗ ಅದು ಕೆಲಸಕ್ಕೆ ಬರುತ್ತದೆ.

ಜೂನಿಂದ ಜನವರಿವರೆಗೆ ಟೀಚರಮ್ಮನ ಜೊತೆಗೇ ಇರಿ, ಆಗ ಮಳೆಯೂ ಕೊಯ್ಲೂ ಎರಡೂ ಸಿಗುತ್ತವೆ. ಮೊದಲರ್ಧ ಅವರು ಹೇಳಿಕೊಡಲಿ, ನೀವು ನೋಡಿ. ಉಳಿದರ್ಧ ನೀವು ಹೇಳಿಕೊಡಿ, ಅವರು ಕೂತಿರಲಿ. ಆಮೇಲೆ ಅವರಿಗೆ ವಾರಕ್ಕೊಂದು ಕಥೆಯ ಹೊತ್ತು ಬಿಟ್ಟುಕೊಡಿ. ಮೇಲ್ವಿಚಾರಕಿ ಮಾಡಿ ಕುರ್ಚಿ ಹಾಕಬೇಡಿ, ಅದು ಅವರಿಗೂ ಕಷ್ಟ, ನಿಮಗೂ ಕಷ್ಟ.

ಪ್ರಶ್ನೆ: ಐದನೇ ಕ್ಲಾಸಿನ ಮಕ್ಕಳಿಗೂ ಕನ್ನಡ ಓದಲು ಬರುತ್ತಿಲ್ಲ. ಕಾಗುಣಿತ ಮಾತ್ರ ಗಟ್ಟಿಯಾಗಿ ಹೇಳುತ್ತಾರೆ. ಎಲ್ಲಿ ಎಡವುತ್ತಿದ್ದೇವೆ?
– ಅರಸೀಕೆರೆ

ಉತ್ತರ: ಆ ಗಟ್ಟಿ ದನಿಯೇ ಮೋಸ ಮಾಡುವುದು. ‘ಕ ಕಾ ಕಿ ಕೀ’ ಅವರಿಗೆ ರಾಗವಾಗಿ ಬಾಯಿಗೆ ಬಂದಿದೆ, ಕಣ್ಣಿಗೆ ಬಂದಿಲ್ಲ. ಸಾಲಿನ ನಡುವಿನ ‘ಕೊ’ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿ. ಮಗು ಮೊದಲಿಂದ ಗುನುಗಿಕೊಂಡು ಅಲ್ಲಿಗೆ ಬಂದರೆ ಅದಕ್ಕೆ ಅಕ್ಷರ ಗೊತ್ತಿಲ್ಲ ಎಂದೇ ಅರ್ಥ.

ಕ್ಲಾಸು ಮರೆತು ಮಟ್ಟ ನೋಡಿ ಕೂರಿಸಿ. ಐದು ಬಿಡಿ ಅಕ್ಷರ ತೋರಿಸಿ, ನಾಲ್ಕು ಸರಿ ಇದ್ದರೆ ಪದಕ್ಕೆ ಹೋಗಿ. ಐದು ಸರಳ ಪದಗಳಲ್ಲಿ ನಾಲ್ಕು ಸರಿ ಬಂದರೆ ನಾಲ್ಕು ಸಾಲಿನ ಒಂದು ಭಾಗ. ಅದರಲ್ಲಿ ಮೂರಕ್ಕಿಂತ ಹೆಚ್ಚು ತಪ್ಪದಿದ್ದರೆ ಪುಟ್ಟ ಕಥೆ. ಒಂದು ಮಗುವಿಗೆ ಐದು ನಿಮಿಷವೂ ಬೇಡ. ಒಬ್ಬೊಬ್ಬರನ್ನೇ ಹೊರಗೆ ಜಗುಲಿಯಲ್ಲಿ ಕೂರಿಸಿಕೊಂಡು ಮಾಡಿ. ತಂಗಿಯ ಎದುರು ಅಣ್ಣನಿಗೆ ‘ಮರ’ ಓದಲು ಬರಲಿಲ್ಲ ಎಂದಾದರೆ ಮಾರನೇ ದಿನ ಅಣ್ಣ ಬರುವುದಿಲ್ಲ.

ಪದದ ಗುಂಪಿನವರು ಸಿಕ್ಕಿಬೀಳುವುದು ಎರಡೇ ಕಡೆ, ದೀರ್ಘ ಮತ್ತು ಒತ್ತಕ್ಷರ. ಮೊದಲ ತಿಂಗಳು ಒತ್ತಕ್ಷರವಿಲ್ಲದ ಪದಗಳಲ್ಲೇ ಓಡಿಸಿ. ಆಮೇಲೆ ಸಜಾತಿ ಒತ್ತು ಮೊದಲು: ಅಕ್ಕ, ಅಜ್ಜ, ಹಣ್ಣು, ಬೆಲ್ಲ. ವಿಜಾತಿಯದು, ಅಂದರೆ ಬೇರೆ ಅಕ್ಷರದ ಒತ್ತು, ಅದಾದ ಮೇಲೆ. ಹಳೇ ಮೈಸೂರು ಕಡೆಯ ಮಗು ‘ಹಾಲು’ ಇರುವುದನ್ನು ‘ಆಲು’ ಎಂದು ಓದಿದರೆ ಅದು ಓದಿನ ತಪ್ಪಲ್ಲ, ಮನೆಮಾತು. ಬರೆಯುವಾಗ ‘ಹ’ ಬರೆಯುತ್ತದಾ ನೋಡಿ, ಬರೆದರೆ ಸುಮ್ಮನಿರಿ.

ಪ್ರಶ್ನೆ: ತೋಟಕ್ಕೆ ಅಸ್ಸಾಂ ಕಡೆಯಿಂದ ಬಂದ ಸಂಸಾರಗಳಿವೆ. ಮಕ್ಕಳ ಹತ್ತಿರ ಟಿಸಿ ಇಲ್ಲ, ಜನನ ಪ್ರಮಾಣಪತ್ರವೂ ಇಲ್ಲ. ಶಾಲೆಗೆ ಸೇರಿಸಬಹುದೇ?
– ಮೂಡಿಗೆರೆ

ಉತ್ತರ: ಧಾರಾಳವಾಗಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಅನ್ವಯ. ವಯಸ್ಸಿನ ದಾಖಲೆ ಇಲ್ಲ ಎಂದಾಗಲೀ ಟಿಸಿ ಬಂದಿಲ್ಲ ಎಂದಾಗಲೀ ದಾಖಲಾತಿ ನಿರಾಕರಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ವಾದಕ್ಕಿಳಿಯದೆ ತಾಯಿಯನ್ನೂ ಮಗುವನ್ನೂ ಕರೆದುಕೊಂಡು ನೀವೇ ಶಾಲೆಗೆ ಹೋಗಿ, ಹೆಸರು ಹೇಗೆ ಬರೆಯಬೇಕೆಂದು ತಾಯಿಯ ಬಾಯಿಂದಲೇ ಕೇಳಿ ಬರೆಸಿ. ಇಲ್ಲೇ ದೊಡ್ಡ ಎಡವಟ್ಟು ಆಗುವುದು. ಮೇಸ್ತ್ರಿ ಹೇಳಿದ ಹೆಸರು ಶಾಲೆಯಲ್ಲಿ, ತಾಯಿ ಇಟ್ಟ ಹೆಸರು ಆಧಾರಿನಲ್ಲಿ, ಮುಂದೆ ಎರಡೂ ಹೊಂದುವುದಿಲ್ಲ.

ಕೊಯ್ಲು ಮುಗಿಸಿ ಹೊರಡುವ ಮುಂಚೆ ಟಿಸಿ ಮತ್ತು ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ನಂಬರು ಬರೆದ ಚೀಟಿ ತಾಯಿಯ ಕೈಗೆ ಕೊಡಿ, ಫೋಟೊ ಅವರ ಫೋನಿನಲ್ಲೂ ಇರಲಿ. ಆರು ವರ್ಷದೊಳಗಿನವರಿಗೆ ಅಂಗನವಾಡಿ. ಭಾಷೆಯ ಚಿಂತೆ ಬೇಡ, ಜೊತೆಗೆ ಆಡುವ ಮಕ್ಕಳಿದ್ದರೆ ಕನ್ನಡ ತಾನಾಗಿ ಬರುತ್ತದೆ. ದೊಡ್ಡವರಿಗಿಂತ ಬೇಗ.

ಪ್ರಶ್ನೆ: ದೂರದ ಐದಾರು ಮಕ್ಕಳನ್ನು ಪರೀಕ್ಷೆ ಮುಗಿಯುವವರೆಗೆ ನಮ್ಮ ಮನೆಯಲ್ಲೇ ಇಟ್ಟುಕೊಳ್ಳೋಣ ಎಂದಿದ್ದೇವೆ.
– ಕಡೂರು

ಉತ್ತರ: ಬೇಡ. ಆಸರೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆ 2015ರ ಬಾಲ ನ್ಯಾಯ ಕಾಯ್ದೆಯಡಿ ನೋಂದಣಿಯಾಗಿರಬೇಕು, ಇಲ್ಲದಿದ್ದರೆ ಶಿಕ್ಷೆಯಿದೆ. ನಿಮ್ಮದು ಅಂಥ ಸಂಸ್ಥೆಯಲ್ಲ ಎಂದು ಸಾಧಿಸುತ್ತಾ ಕೂರುವುದಕ್ಕಿಂತ ಹಾಸ್ಟೆಲಿಗೆ ಅರ್ಜಿ ಹಾಕಿಸಿ. ಒಳ್ಳೆ ಮನಸ್ಸಿನವರೇ ಇದರಲ್ಲಿ ಸಿಕ್ಕಿಕೊಳ್ಳುವುದು.

ಪ್ರಶ್ನೆ: ಕಾಲೇಜು ಹುಡುಗರು ನಾವೂ ಬರುತ್ತೇವೆ ಅನ್ನುತ್ತಿದ್ದಾರೆ. ಹೆಣ್ಣುಮಕ್ಕಳೂ ಇರುವ ಜಾಗ, ಭಯವಾಗುತ್ತದೆ. ಏನು ವಿಚಾರಿಸಬೇಕು?
– ಚಿಕ್ಕಮಗಳೂರು

ಉತ್ತರ: ಗಂಡುಮಕ್ಕಳಿಗೂ ಇದೇ ಅಪಾಯ ಇದೆ, ಅದನ್ನು ಮೊದಲು ನೆನಪಿಡಿ. ವಿಚಾರಣೆಗೆ ಎರಡು ದಾರಿ. ಸರ್ಕಾರದ ಸೇವಾಸಿಂಧು ಜಾಲತಾಣದ ಮೂಲಕ ಪೊಲೀಸ್ ಪರಿಶೀಲನಾ ಪತ್ರ ತರಿಸಿ. ಜೊತೆಗೆ ಅವರು ಹಿಂದೆ ಇದ್ದ ಕಡೆಯ ಇಬ್ಬರಿಗೆ ಫೋನು ಮಾಡಿ ‘ನಿಮ್ಮ ಮಕ್ಕಳನ್ನು ಇವರ ಹತ್ತಿರ ಬಿಡ್ತೀರಾ’ ಎಂದು ನೇರವಾಗಿ ಕೇಳಿ. ಉತ್ತರಕ್ಕಿಂತ ಅದಕ್ಕೆ ಮುಂಚಿನ ತಡವರಿಕೆ ಹೆಚ್ಚು ಹೇಳುತ್ತದೆ.

ಆದರೆ ಪತ್ರ ಯಾರನ್ನೂ ಕಾಯುವುದಿಲ್ಲ, ದಿನದ ಪದ್ಧತಿ ಕಾಯುತ್ತದೆ. ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು. ಇನ್ನೊಬ್ಬರು ಬಾರದಿದ್ದರೆ ಕೊಠಡಿ ಬಿಟ್ಟು ಬಯಲಲ್ಲಿ ಪಾಠ. ಬಾಗಿಲು ಕಿಟಕಿ ತೆರೆದಿರಲಿ. ಒಂದು ಮಗುವನ್ನು ಬೈಕಿನಲ್ಲಿ ಬಿಟ್ಟುಬರುವುದು ಬೇಡ, ಮಗುವಿನ ಜೊತೆ ಖಾಸಗಿ ಮೆಸೇಜು ಬೇಡ, ಹೇಳುವುದಿದ್ದರೆ ತಾಯಿಯ ಫೋನಿಗೆ. ಮಕ್ಕಳ ಮುಖ ಕಾಣುವ ಫೋಟೊ ಸ್ಟೇಟಸ್‌ಗೆ ಹಾಕುವುದೂ ಬೇಡ. ಈ ನಿಯಮ ಟೀಚರಮ್ಮನಂಥ ಹಿರಿಯರಿಗೂ ಒಂದೇ. ‘ಅವರಿಗೂನಾ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು, ಅವರಿಗೂ. ಊರು ಪೂರ್ತಿ ನಂಬಿದವರಿಗೆ ವಿನಾಯಿತಿ ಕೊಟ್ಟ ಕಡೆಯೇ ತೂತು ಬೀಳುವುದು.

ಮಗು ಏನಾದರೂ ಹೇಳಿಕೊಂಡರೆ ಕೇಳಿಸಿಕೊಳ್ಳಿ, ‘ಹೇಳಿದ್ದು ಒಳ್ಳೇದಾಯ್ತು’ ಅನ್ನಿ, ಅದರದೇ ಮಾತಿನಲ್ಲಿ ದಿನ, ಹೊತ್ತು ಹಾಕಿ ಬರೆದಿಡಿ. ಯಾರಿಗೂ ಹೇಳಲ್ಲ ಎಂದು ಭಾಷೆ ಕೊಡಬೇಡಿ, ಏಕೆಂದರೆ ಹೇಳಲೇಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಿದ್ದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಒಳ್ಳೆ ನಂಬಿಕೆಯಿಂದ ತಿಳಿಸಿದವರ ಮೇಲೆ ಕೇಸಾಗುವುದಿಲ್ಲ. ಮಕ್ಕಳ ಸಹಾಯವಾಣಿ 1098, ತುರ್ತಿದ್ದರೆ 112. ನೀವೇ ತನಿಖೆಗೆ ಇಳಿದು ಮಗುವನ್ನು ನಾಲ್ಕು ಜನರ ಮುಂದೆ ಮತ್ತೆ ಮತ್ತೆ ಕೇಳುವುದು, ಊರ ಹಿರಿಯರನ್ನು ಸೇರಿಸಿ ಪಂಚಾಯಿತಿ ಮಾಡುವುದು ಎರಡೂ ಮಗುವಿಗೆ ಮಾಡುವ ಎರಡನೇ ಅನ್ಯಾಯ.

ಪ್ರಶ್ನೆ: ಮೂವತ್ತು ಮಕ್ಕಳಿಗೆ ಸಂಜೆ ತಿನ್ನಲು ಏನು ಕೊಡಬಹುದು? ಬಿಸ್ಕತ್ತು ಕೊಟ್ಟು ಸಾಕಾಗಿದೆ.
– ಹಾಸನ

ಉತ್ತರ: ಕಡಲೆಕಾಳು ಉಸಲಿ ಮಾಡಿ, ಎಲ್ಲಕ್ಕಿಂತ ಅಗ್ಗ. ಮಗುವಿಗೆ 30 ಗ್ರಾಂ ಒಣಕಾಳಿನಂತೆ 900 ಗ್ರಾಂ ಆಗುತ್ತದೆ, 1 ಕೆಜಿ ಹಾಕಿ. ಬೆಂದಾಗ ಎರಡರಷ್ಟು ದಾಟುತ್ತದೆ. ಎಂಟು ಗಂಟೆ ನೆನೆಯಬೇಕು. ಮಳೆಗಾಲದ ತಣ್ಣೀರಿನಲ್ಲಿ ಅಷ್ಟು ಹೊತ್ತಿಗೂ ಒಳಗೆ ಗಟ್ಟಿ ಉಳಿಯುತ್ತದೆ, ಉಗುರುಬೆಚ್ಚನೆ ನೀರು ಹಾಕಿ. ಬೇಸಿಗೆಯಲ್ಲಿ ಉಲ್ಟಾ, ನಡುವೆ ಒಮ್ಮೆ ನೀರು ಬದಲಿಸದಿದ್ದರೆ ಹುಳಿ ವಾಸನೆ. ಕುಕ್ಕರಿನಲ್ಲಿ ನಾಲ್ಕೈದು ಸೀಟಿ, ಉಪ್ಪು ಬೆಂದಮೇಲೆ. ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆ ಮನೆಯಲ್ಲೇ ಹಾಕಿಕೊಂಡು ಬನ್ನಿ. ಕಾಯಿತುರಿಯನ್ನು ಮಾತ್ರ ಬಡಿಸುವಾಗ ಹಾಕಿ, ಮಧ್ಯಾಹ್ನವೇ ಹಾಕಿದರೆ ಸಂಜೆಗೆ ಹಳಸುತ್ತದೆ. ಅಕ್ಕನ ಜೊತೆ ಬರುವ ಚಿಕ್ಕವರಿಗೆ ಇಡೀ ಕಾಳು, ಕಡಲೆಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವರದನ್ನು ಮಸೆದು ಕೊಡಿ, ಇಲ್ಲವೇ ಬಾಳೆಹಣ್ಣು.

ಪ್ರಶ್ನೆ: ದಾನಿಗಳು ಕೊಟ್ಟ ಪುಸ್ತಕಗಳಿಗೆ ಪ್ರತಿ ಮಳೆಗಾಲವೂ ಬೂಷ್ಟು ಹಿಡಿಯುತ್ತದೆ.
– ಶೃಂಗೇರಿ

ಉತ್ತರ: ಕಪಾಟು ಗೋಡೆಗೆ ಅಂಟಿಕೊಂಡಿದೆ, ಅಲ್ಲವೇ? ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ, ಕೆಳಗೆ ಇಟ್ಟಿಗೆ ಕೊಡಿ. ಪುಸ್ತಕ ಒತ್ತೊತ್ತಾಗಿ ತುರುಕಬೇಡಿ, ಗಾಳಿಯಾಡಬೇಕು. ಚೆನ್ನಾಗಿರಲಿ ಎಂದು ಪ್ಲಾಸ್ಟಿಕ್ ಹೊದಿಸಿದವೇ ಮೊದಲು ಹಾಳಾಗುವುದು. ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಖಾಕಿ ಕಾಗದ ಸಾಕು. ಬೂಷ್ಟು ಬಂದವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹರಡುತ್ತದೆ. ಮಳೆ ಹೊಳವಾದ ದಿನ ಹೊರಗೆ ನೆರಳಲ್ಲಿ ಬಿಡಿಸಿಟ್ಟು ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಬ್ರಷ್ಷಿನಲ್ಲಿ ತೆಗೆಯಿರಿ. ಇನ್ನೂ ಒಳ್ಳೆಯದು, ಜೂನಿಗೆ ಮುಂಚೆ ಪುಸ್ತಕಗಳನ್ನೆಲ್ಲ ಮಕ್ಕಳ ಮನೆಗೆ ಕಳಿಸಿಬಿಡಿ. ಒಲೆ ಉರಿಯುವ ಮನೆಯಲ್ಲಿ ಪುಸ್ತಕ ಬೀಗ ಹಾಕಿದ ಕೊಠಡಿಗಿಂತ ಬೆಚ್ಚಗಿರುತ್ತದೆ. ಹರಿದರೆ ದಂಡ ಹಾಕಬೇಡಿ. ದಂಡ ಹಾಕಿದ ಮನೆಯಿಂದ ಪುಸ್ತಕವೂ ಬರುವುದಿಲ್ಲ, ಮಗುವೂ ಬರುವುದಿಲ್ಲ. ಹೊಸದು ಕೊಳ್ಳುವಾಗ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯ) ಏನಿದೆ ನೋಡಿಕೊಂಡು ಕೊಳ್ಳಿ.

ಪ್ರಶ್ನೆ: ಊರಿನವರು ದುಡ್ಡು ಕೊಡುತ್ತಿದ್ದಾರೆ. ಸಂಘ ನೋಂದಾಯಿಸಬೇಕೇ?
– ಬೇಲೂರು

ಉತ್ತರ: ಸಂಜೆ ಪಾಠ ನಡೆಸಲು ನೋಂದಣಿ ಬೇಕಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಬೇಕು, ಆಮೇಲೆ ವರ್ಷವರ್ಷವೂ ಸರ್ವಸದಸ್ಯರ ಸಭೆ, ಲೆಕ್ಕಪರಿಶೋಧನೆ, ನೋಂದಣಾಧಿಕಾರಿಗೆ ವರದಿ. ಉತ್ಸಾಹದಲ್ಲಿ ನೋಂದಾಯಿಸಿ ಮೂರನೇ ವರ್ಷಕ್ಕೆ ಮರೆತ ಸಂಘಗಳು ತಾಲ್ಲೂಕಿಗೆ ಹತ್ತು ಸಿಗುತ್ತವೆ. ದೊಡ್ಡ ದೇಣಿಗೆ, ಆದಾಯ ತೆರಿಗೆಯಲ್ಲಿ ರಿಯಾಯಿತಿ (80ಜಿ ಎನ್ನುತ್ತಾರೆ) ಬೇಕೆನ್ನುವ ದಾನಿಗಳು ಬಂದಾಗ ಆ ಯೋಚನೆ ಮಾಡಿ. ಆಗಲೂ 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ದಾನಿಗೆ ರಿಯಾಯಿತಿ ಸಿಗುವುದಿಲ್ಲ, ಚೆಕ್ಕೋ ಆನ್‌ಲೈನೋ ಆಗಬೇಕು.

ಅಲ್ಲಿಯವರೆಗೆ ದುಡ್ಡಿನ ಬದಲು ಸಾಮಾನು ಕೇಳಿ: ಎರಡು ಡಜನ್ ಸ್ಲೇಟು, ಚಾರ್ಜಿನ ದೀಪ, 5 ಕೆಜಿ ಕಡಲೆಕಾಳು. ದುಡ್ಡೇ ತೆಗೆದುಕೊಳ್ಳುವುದಾದರೆ ಇಬ್ಬರ ಜಂಟಿ ಖಾತೆ, ನಂಬರು ಹಾಕಿದ ರಸೀದಿ ಪುಸ್ತಕ, ತಿಂಗಳಿಗೊಮ್ಮೆ ಗೋಡೆಗೆ ಅಂಟಿಸಿದ ಒಂದು ಹಾಳೆ ಲೆಕ್ಕ. ಸ್ವಂತ ನಂಬರಿಗೆ ಫೋನ್‌ಪೇ ಹಾಕಿಸಿಕೊಳ್ಳುವುದು ಮಾತ್ರ ಖಂಡಿತ ಬೇಡ. ಮನೆಯ ರೇಷನ್ನು, ಮಕ್ಕಳ ಸ್ಲೇಟು ಒಂದೇ ಪಾಸ್‌ಬುಕ್ಕಿನಲ್ಲಿ ಬೆರೆತಮೇಲೆ ಇಪ್ಪತ್ತು ವರ್ಷ ಪ್ರಾಮಾಣಿಕವಾಗಿ ದುಡಿದವರೂ ಅರ್ಧ ಗಂಟೆಯಲ್ಲಿ ಊರ ಬಾಯಿಗೆ ಬೀಳುತ್ತಾರೆ.

ಪ್ರಶ್ನೆ: ಜನವರಿಯಲ್ಲಿ ಮಕ್ಕಳನ್ನು ಹತ್ತಿರದ ಕಾಡಿಗೆ ಸುತ್ತಾಡಿಸಲು ಕರೆದೊಯ್ಯಬಹುದೇ?
– ಕೊಪ್ಪ

ಉತ್ತರ: ನಿಮ್ಮ ಭಾಗದಲ್ಲಿ ಮಂಗನ ಕಾಯಿಲೆ ಕಾಣಿಸಿಕೊಳ್ಳುವುದೇ ಡಿಸೆಂಬರಿಂದ ಮೇವರೆಗೆ. ಹರಡುವುದು ಉಣುಗಿನಿಂದ (ಉಣ್ಣೆ), ಅದಿರುವುದು ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ. ಅಕ್ಟೋಬರಿನಲ್ಲಿ ಹೋಗಿ. ಬೇಸಿಗೆಯಲ್ಲಿ ಮಕ್ಕಳು ದರಗು ಗುಡಿಸಲು ಹೋಗುವ ಮನೆಗಳಿದ್ದರೆ ಆಶಾ ಕಾರ್ಯಕರ್ತೆಯ ಹತ್ತಿರ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಕೇಳಿ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಪ್ರಶ್ನೆ: ಮೂವತ್ತು ವರ್ಷ ಮಕ್ಕಳಿಗಾಗಿ ದುಡಿದ ನಮ್ಮ ಮೇಷ್ಟ್ರಿಗೆ ಸನ್ಮಾನ ಮಾಡಬೇಕೆಂದಿದ್ದೇವೆ. ರಾಜ್ಯೋತ್ಸವ ಪ್ರಶಸ್ತಿಗೂ ಪ್ರಯತ್ನಿಸಬಹುದೇ?
– ಆಲೂರು

ಉತ್ತರ: ಶಾಲು, ಹಾರ, ಹಣ್ಣಿನ ಬುಟ್ಟಿಯ ಕಾರ್ಯಕ್ರಮ ಮಾಡುವುದಾದರೆ ಮಾಡಿ, ಆದರೆ ಅದಕ್ಕೆ ಖರ್ಚಾಗುವ ಹಣದಲ್ಲಿ ಅವರಿಗೆ ಏನು ಬೇಕು ಎಂದು ಮೊದಲು ಕೇಳಿ. ಇಂಥವರಲ್ಲಿ ಹೆಚ್ಚಿನವರು ತಮ್ಮ ಕಣ್ಣು, ಹಲ್ಲು, ಮಂಡಿ ನೋಡಿಕೊಂಡಿರುವುದಿಲ್ಲ. ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಕಷ್ಟವಿರುವುದು ಕರೆದುಕೊಂಡು ಹೋಗಿ ಜೊತೆಗಿರುವವರು ಸಿಗುವುದು. ನೀವು ಹತ್ತು ಜನ ಇದ್ದೀರಿ, ಸರದಿ ಹಾಕಿಕೊಳ್ಳಿ. ಸಭೆ ಮಾಡಿದರೆ ಭಾಷಣ ಇಬ್ಬರಿಗೆ ಮುಗಿಸಿ, ಮೇಷ್ಟ್ರನ್ನು ಮೂರು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಬೇಡಿ.

ರಾಜ್ಯೋತ್ಸವ ಪ್ರಶಸ್ತಿಗೆ ಸಾಮಾನ್ಯವಾಗಿ 60 ವರ್ಷ ದಾಟಿರಬೇಕು. ಜಿಲ್ಲಾಡಳಿತ ಕೊಡುವ ಜಿಲ್ಲಾ ಮಟ್ಟದ ಪ್ರಶಸ್ತಿಯೂ ಇದೆ, ಅದಕ್ಕೆ ಮೊದಲು ಪ್ರಯತ್ನಿಸಿ. ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಆನ್‌ಲೈನಿನಲ್ಲಿ ಹೆಸರು ಸೂಚಿಸಬಹುದು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಾ ಊರಿಗೆ ಶಾಲೆ ತಂದ ಹರೇಕಳ ಹಾಜಬ್ಬ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದದ್ದರಿಂದ ಹಳ್ಳಿಯ ಹೆಸರು ದೆಹಲಿ ಮುಟ್ಟುವುದಿಲ್ಲ ಎನ್ನುವಂತಿಲ್ಲ.

ಅರ್ಜಿಗಳು ಸೋಲುವುದು ಬರವಣಿಗೆಯಲ್ಲಿ. ‘ನಿಸ್ವಾರ್ಥ ಸೇವೆ, ಅಪಾರ ಕೊಡುಗೆ’ ಎಂದು ಎರಡು ಪುಟ ತುಂಬಿಸಿ ಕಳಿಸುತ್ತಾರೆ, ಅದರಲ್ಲಿ ಪರಿಶೀಲಿಸಬಹುದಾದದ್ದು ಒಂದೂ ಇರುವುದಿಲ್ಲ. ಯಾವ ವರ್ಷ ಶುರುವಾಯಿತು, ಎಲ್ಲಿ, ವಾರಕ್ಕೆ ಎಷ್ಟು ದಿನ, ಶಾಲೆ ಬಿಟ್ಟವರಲ್ಲಿ ಎಷ್ಟು ಮಕ್ಕಳು ಮರಳಿದರು, ಎಸ್‌ಎಸ್‌ಎಲ್‌ಸಿ ದಾಟಿದವರೆಷ್ಟು ಎಂಬುದನ್ನು ಬರೆಯಿರಿ. ಹಳೆಯ ಹಾಜರಿ ಪುಸ್ತಕ, ಮುಖ್ಯ ಶಿಕ್ಷಕರ ಪತ್ರ, ಪಂಚಾಯಿತಿ ನಿರ್ಣಯದ ನಕಲು, ಪತ್ರಿಕೆಯ ತುಣುಕು ಜೋಡಿಸಿ. ಪದ್ಮದ ಅರ್ಜಿಯಲ್ಲಿ ಸಾಧನೆಯ ವಿವರ 800 ಪದ ಮೀರುವಂತಿಲ್ಲ, ಆ ಮಿತಿಯನ್ನೇ ಎಲ್ಲ ಅರ್ಜಿಗೂ ಇಟ್ಟುಕೊಂಡರೆ ಬರವಣಿಗೆ ತಾನೇ ಬಿಗಿಯಾಗುತ್ತದೆ. ಕಳಿಸುವ ಮುಂಚೆ ಮೇಷ್ಟ್ರಿಗೆ ಓದಿಹೇಳಿ. ಅವರು ಬೇಡವೆಂದರೆ ಬಿಟ್ಟುಬಿಡಿ. ಒಪ್ಪಿದರೆ ವರ್ಷಗಳನ್ನು ಅವರಿಂದಲೇ ತಿದ್ದಿಸಿ, ಊರವರು ಹೇಳುವ ಮೂವತ್ತು ಎಷ್ಟೋ ಸಲ ಇಪ್ಪತ್ತಾರೋ ಮೂವತ್ತಮೂರೋ ಆಗಿರುತ್ತದೆ.